ಚೋಟ್ರಾಯ್ ಒಪ್ಪಿದ ಬಾವಿ

ನಮ್ಮ ಸಂತಾಲರ ಹಳ್ಳಿಯಲ್ಲಿ ಊರ ಕೆಲಸವನ್ನೆಲ್ಲ ಮುಂದೆ ನಿಂತು ಮಾಡಿಸುವವಳು ನನ್ನ ಅತ್ತೆ ಮೈನೊ. ಹೊಸ ಬಾವಿ ತೋಡುವ ಮಾತು ಬಂದಾಗ ಊರೆಲ್ಲ ಬೀದಿಯಲ್ಲಿ ಸಭೆ ಕೂತಿತು. ಮುದುಕ ಚೋಟ್ರಾಯ್ ಒಬ್ಬ ಒಪ್ಪಲಿಲ್ಲ. ಬಾವಿಗೆ ಗುರುತಿಸಿದ್ದ ಜಾಗ ದೇವರ ಬನಕ್ಕೆ ತೀರಾ ಹತ್ತಿರವಂತೆ.

"ಒಬ್ಬ ತಾನೆ? ಕೈ ಎತ್ತಿಸಿ ಮುಗಿಸಿಬಿಡಿ," ಎಂದರು ಬಾವಿ ಕೆಲಸಕ್ಕೆಂದು ಪಟ್ಟಣದಿಂದ ಬಂದಿದ್ದ ಸರ್ಕಾರಿ ಸಾಹೇಬರು.

"ನಮ್ಮಲ್ಲಿ ಕೈ ಎಣಿಸಲ್ಲ ಸಾಹೇಬ್ರೆ. ಒಬ್ಬನ ಬಾಯಿ ಮುಚ್ಚಿಸಿ ತೋಡಿದ ಬಾವಿ ನೀರು ಗಂಟಲಲ್ಲಿ ಇಳಿಯುತ್ತಾ?" ಎಂದಳು ಅತ್ತೆ.

ಸುಗ್ಗಿ ಮುಗಿಯುವವರೆಗೂ ಊರು ಮತ್ತೆ ಮತ್ತೆ ಕೂತಿತು. ಕೊನೆಗೆ ಅತ್ತೆ ಚೋಟ್ರಾಯ್ ಮೇಲೆ ರೇಗಿದಳು: "ಹಾಗಾದ್ರೆ ನೀನೇ ಜಾಗ ತೋರ್ಸಯ್ಯ!" ಅವನು ತೋರಿಸಿದ. ಎಲ್ಲರೂ ಒಪ್ಪಿ ಅಲ್ಲೇ ಬಾವಿ ತೋಡಿದರು.

ಮೊನ್ನೆ ದಾರಿಹೋಕನೊಬ್ಬ ಆ ಬಾವಿಯ ನೀರು ಕುಡಿದು, "ಸರ್ಕಾರದ ಬಾವಿನಾ?" ಎಂದ.

ಚೋಟ್ರಾಯ್ ಉರಿದುಬಿದ್ದ: "ಸರ್ಕಾರದ್ದು ಯಾಕಾಗುತ್ತೋ? ನಮ್ದು!"