ಅತ್ತೆಯ ಹೆಬ್ಬೆರಳು

ನಮ್ಮತ್ತೆ ಟೊಮೆಟೊ ಒತ್ತಿ ನೋಡುವುದಿಲ್ಲ. ತರಕಾರಿಯವನು, "ಒತ್ತಿ ನೋಡಮ್ಮಾ, ಕಚ್ಚಲ್ಲ" ಎಂದು ರೇಗಿಸುತ್ತಾನೆ. ನನ್ನ ಮಗಳನ್ನು ಎತ್ತುವುದೂ ಹಾಗೆಯೇ, ಅಂಗೈ ಚಾಚಿ, ಬೆರಳು ಊರದೆ. ಹೊಸದರಲ್ಲಿ ನನಗಿದು ಅತಿ ಎನ್ನಿಸುತ್ತಿತ್ತು.

ಅವರ ಕೆಲಸವೇ ಅಂಥದ್ದು. ಆಸ್ಪತ್ರೆಯ ಲ್ಯಾಬಿನಲ್ಲಿ, ತೀರಿಕೊಂಡವರ ಮೆದುಳಿನ ತುಣುಕನ್ನು ಮೇಣದಲ್ಲಿ ಕೂರಿಸಿ, ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ದು ಗಾಜಿನ ಮೇಲೆ ಹರಡುತ್ತಾರೆ.

"ಉಸಿರು ನಿಂತ್ರೂ ಜೀವಕೋಶ ಸುಮ್ನೆ ಕೂರಲ್ಲ ಕಣೇ," ಎಂದು ಮಗುವಿನ ಬಟ್ಟೆ ಮಡಿಸುತ್ತಾ ಒಮ್ಮೆ ಹೇಳಿದ್ದರು. "ಊದ್ಕೊಳ್ಳುತ್ತೆ, ಅಂಚು ಮಸುಕಾಗುತ್ತೆ, ತನ್ನನ್ನ ತಾನೇ ಕರಗಿಸ್ಕೊಳ್ಳುತ್ತೆ. ಫಾರ್ಮಲಿನ್‌ನಲ್ಲಿ ಮುಳುಗಿಸಿಟ್ರೆ ಅಲ್ಲಿಗೇ ನಿಂತು ಗಟ್ಟಿಯಾಗುತ್ತೆ. ಅದಕ್ಕೆ ಮುಂಚೆ ಒತ್ತಿದ್ರೋ, ಮುದುಡಿ ಕೆಟ್ಟುಹೋಗುತ್ತೆ."

ಈಚೆಗೆ ಅವರೇ ಒತ್ತಿಬಿಟ್ಟರು. ಮಗಳಿಗೆ ಜ್ವರವೆಂದು ನಾನು ಫೋನ್ ಮಾಡಿದ್ದೆ. ಬೇಗ ಹೊರಡುವ ಆತುರದಲ್ಲಿ, ಇನ್ನೂ ಮೆತ್ತಗಿದ್ದ ಮೆದುಳಿನಿಂದ ಒಂದು ತುಣುಕನ್ನು ಹೆಬ್ಬೆರಳಲ್ಲಿ ಅದುಮಿ ಹಿಡಿದು ಕೊಯ್ದಿದ್ದರು.

ಅದು ಒಬ್ಬ ಬಸ್ ಕಂಡಕ್ಟರನ ಅಕ್ಕನದು. ಅವನು ಡ್ಯೂಟಿಯಲ್ಲಿದ್ದಾಗ ಅವಳು ಅಡುಗೆಮನೆಯಲ್ಲಿ ಕುಸಿದಿದ್ದಳು. ಅವನು ಕೇಳುತ್ತಿದ್ದುದು ಒಂದೇ: "ನಾನು ಬರೋ ತನಕ ಜೀವ ಹಿಡ್ಕೊಂಡು ಬಿದ್ದಿದ್ಲಾ?"

ಗಾಜಿನಲ್ಲಿ ಜೀವಕೋಶಗಳು ಕಪ್ಪಾಗಿ ಮುದುಡಿದ್ದವು. ಆಮ್ಲಜನಕ ಸಾಲದೆ ಗಂಟೆಗಟ್ಟಲೆ ಒದ್ದಾಡಿದ ಮೆದುಳೂ ಹೆಚ್ಚುಕಡಿಮೆ ಹೀಗೇ ಕಾಣುತ್ತದಂತೆ.

"ರಿಪೋರ್ಟ್‌ನಲ್ಲಿ ಏನಂತ ಬರೀಲಮ್ಮಾ?" ಎಂದರು ಲ್ಯಾಬಿನ ಡಾಕ್ಟರು.

"ಈಗ್ಲೇ ಬರೀಬೇಡಿ. ಅದು ನನ್ನ ಹೆಬ್ಬೆರಳಿನ ಕೆಲಸ ಇರ್ಬೇಕು."

"ನಿಮ್ಮದಾ? ಹೂವು ಎತ್ತಿದ ಹಾಗೆ ಎತ್ತೋರು ನೀವು."

"ಮೊಮ್ಮಗಳಿಗೆ ಜ್ವರ ಅಂದ್ಲು ಸೊಸೆ. ಕೈ ನನ್ನ ಮಾತು ಕೇಳ್ಲಿಲ್ಲ."

ಉಳಿದ ಭಾಗ ಜಾಡಿಯಲ್ಲೇ ಇತ್ತು. ಅದು ಚೆನ್ನಾಗಿ ಗಟ್ಟಿಯಾಗುವವರೆಗೆ ದಿನಗಟ್ಟಲೆ ಕಾದು, ಕೈ ತಾಗದ ನಡುಭಾಗದಿಂದ ಅತ್ತೆ ಹೊಸದಾಗಿ ಕೊಯ್ದರು. ಇಬ್ಬರೂ ಸರದಿಯ ಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು. ಮುದುಡಿದ್ದು ಒಂದೂ ಇಲ್ಲ. ಊತ, ಮಸುಕು ಅಂಚು: ಸತ್ತ ಮೇಲೆ ಎಲ್ಲರಿಗೂ ಆಗುವಂಥದ್ದೇ.

"ಬಹಳ ಹೊತ್ತು ಒದ್ದಾಡಿದ ಗುರುತು ಇಲ್ಲಪ್ಪ," ಎಂದು ಡಾಕ್ಟರು ಹೊರಗೆ ಬಂದು, ಕಾಯುತ್ತಿದ್ದ ಕಂಡಕ್ಟರನಿಗೆ ಹೇಳಿದರು. ಅತ್ತೆಯೂ ಹಿಂದೆಯೇ ಹೋದರು. "ನಿನ್ನನ್ನ ಇಷ್ಟು ಕಾಯಿಸಿದ್ದು ನನ್ನ ಕೈ. ಅವಸರ ಮಾಡಿ ಕೆಡಿಸಿದ್ದೆ."

ಅವನು ಸಮವಸ್ತ್ರದ ತೋಳಿನಿಂದ ಮುಖ ಒರೆಸಿಕೊಂಡ. "ನಮ್ಮಕ್ಕನೂ ಹಿಂಗೇ ಅಮ್ಮಾ. ಅವಸರಕ್ಕೆ ಹಾಲು ಉಕ್ಕಿಸೋದು, ಆಮೇಲೆ ನಂಗೇ ಬೈಯೋದು." ಹೇಳುತ್ತಾ ಹೇಳುತ್ತಾ ನಕ್ಕ, ಆಮೇಲೆ ಅತ್ತ.

ಇಷ್ಟನ್ನೂ ಅತ್ತೆ ಊಟಕ್ಕೆ ಕೂತಾಗ ಹೇಳಿದರು. ಜ್ವರ ಎಂದೋ ಬಿಟ್ಟು ಗೆಲುವಾಗಿದ್ದ ಮಗಳು ಅಜ್ಜಿಯ ಹೆಬ್ಬೆರಳನ್ನೇ ಬಿಗಿಯಾಗಿ ಹಿಡಿದುಕೊಂಡಿದ್ದಳು. ನಾನು ಬಿಡಿಸಲು ಹೋದೆ.

"ಇರ್ಲಿ ಬಿಡೇ," ಎಂದರು ಅತ್ತೆ. "ಒತ್ತು ಪುಟ್ಟಿ, ಇನ್ನೂ ಗಟ್ಟಿಯಾಗಿ ಒತ್ತು. ಇದಕ್ಕೆ ಆಗ್ಬೇಕಾದ್ದೇ."