ಬೆನ್ನು ಸವರಿ ಕೊಂಡ ಕ್ಯಾಮೆರಾ

ಎರಡು ಸಾವಿರದ ಒಂದನೆಯ ಇಸವಿಯಲ್ಲಿ ನನಗೆ ನಲವತ್ತನಾಲ್ಕು ವರ್ಷ. ಲೆಕ್ಕ ತಪ್ಪಿರಲಾರದು, ಇಂದು ಬೆಳಗ್ಗೆ ಬೀರುವಿನಿಂದ ಜಾರಿಬಿದ್ದ ನೋಟ್‌ಬುಕ್ಕಿನ ಮೊದಲ ಹಾಳೆಯಲ್ಲಿ ಎರಡನ್ನೂ ನಾನೇ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ. ಅದರ ಕೆಳಗೆ ಶೀರ್ಷಿಕೆ: ‘ಪ್ರವಾಸಕ್ಕೆ ಯೋಗ್ಯವಾದ ಸಣ್ಣ ಕ್ಯಾಮೆರಾದ ಆಯ್ಕೆ’.

ನೀವು ನಗಬಹುದು. ಚಳ್ಳಕೆರೆಯ ಶಾಲೆಯೊಂದರಲ್ಲಿ ಮಕ್ಕಳ ಅಲ್ಪವಿರಾಮಗಳನ್ನು ತಿದ್ದುತ್ತಿದ್ದ ನಾನು ತೂಕ, ಮಸೂರ, ಫ್ಲಾಶು, ಬ್ಯಾಟರಿ ಎಂದು ಅಂಕಣಗಳನ್ನೆಳೆದು, ಹದಿನಾಲ್ಕು ಕ್ಯಾಮೆರಾಗಳಿಗೆ ಅಂಕ ಕೊಡುತ್ತ ಕುಳಿತಿದ್ದೆ. ಹಗುರವಾದುದರ ಫ್ಲಾಶು ಸಾಲದು. ಫ್ಲಾಶು ಚೆನ್ನಾಗಿದ್ದುದು ಜೇಬಿಗೆ ಹಿಡಿಸದು. ಯಾವುದೂ ನಿಶ್ಚಿಂತೆಯಾಗಿ ತೇರ್ಗಡೆಯಾಗುತ್ತಿರಲಿಲ್ಲ.

ಕ್ಯಾಮೆರಾ ಬೇಕಾಗಿದ್ದುದು ಅಕ್ಕನ ಸಲುವಾಗಿ. ಮೊಳಕಾಲ್ಮುರು ತಾಲ್ಲೂಕಿನಲ್ಲಿ, ಜಟಿಂಗ ರಾಮೇಶ್ವರನ ಬೆಟ್ಟದ ಬುಡದ ಹಳ್ಳಿಗೆ ಮದುವೆಯಾಗಿ ಹೋದವಳು ಅವಳು. ವರ್ಷಕ್ಕೊಮ್ಮೆ ಬೆಟ್ಟ ಹತ್ತಿ, ದೇವರಿಗೆ ಕೈಮುಗಿದು, ಬಂಡೆಯ ಮೇಲೆ ಕುಳಿತು ಕೆಳಗೆ ತನ್ನ ಮನೆಯನ್ನು ಹುಡುಕುವುದೇ ಅವಳಿಗೊಂದು ಸಂಭ್ರಮ. ಮಂಡಿ ಸವೆದ ಮೇಲೆ ಡಾಕ್ಟರು ಮೆಟ್ಟಿಲೇ ಬೇಡವೆಂದರು.

“ಇನ್ನ ನಮ್ಮನೆ ಮೇಲಿಂದ ನೋಡಾಂಗಿಲ್ಲ ಬಿಡೋ,” ಎಂದು ಅವಳು ನಕ್ಕಳು. ಆ ನಗೆಯನ್ನು ತಾಳಲಾರದೆ, “ಫೋಟೋ ತಂದು ತೋರಿಸ್ತೀನಕ್ಕ,” ಎಂದುಬಿಟ್ಟೆ.

ಹಾಗೆಂದು ಒಂದೂವರೆ ವರ್ಷವಾಯಿತು. ಈ ನಡುವೆ ನಾನು ಎರಡು ಸಲ ಬರಿಗೈಯಲ್ಲಿ ಬೆಟ್ಟ ಹತ್ತಿ ಇಳಿದೆ, ಅಂಕಪಟ್ಟಿ ಮುಗಿದಿರಲಿಲ್ಲ. ಮೊದಲ ಸಲ ಅವಳು, “ಫೋಟೋ ಎಲ್ಲೋ?” ಎಂದಿದ್ದಳು. ಎರಡನೆಯ ಸಲ ಕೇಳಲಿಲ್ಲ. ರೊಟ್ಟಿ ಬಡಿಸಿದಳು. ಕೇಳದೆ ಇದ್ದುದೇ ನನಗೆ ಹೆಚ್ಚು ಚುಚ್ಚಿತು.

ಅಕ್ಕನ ಗಂಡ ಕುರಿ ಸಾಕುವವರು. ಸಂತೆಗೆಂದು ಚಳ್ಳಕೆರೆಗೆ ಬಂದ ಅವರು ಒಂದು ದಿನ ನನ್ನ ನೋಟ್‌ಬುಕ್ಕನ್ನು ತಿರುವಿಹಾಕಿದರು.

“ಏನ್ ಮೇಷ್ಟ್ರೇ, ಹೆಣ್ಣು ನೋಡಾಕೂ ಇಷ್ಟು ದಿನ ಹಿಡೀಲಿಲ್ಲಲ್ರಿ ನಿಮಗೆ!”

“ವಿಚಾರ ಮಾಡ್ದೆ ತಗೊಂಡ್ರೆ ಆಮೇಲೆ ಪಶ್ಚಾತ್ತಾಪ, ಭಾವ.”

“ನಾನು ಟಗರು ತಗಳ್ಳಾವಾಗ ಪುಸ್ತಕ ಓದ್ತೀನೇನ್ರಿ? ಬೆನ್ನು ಸವರ್ತೀನಿ. ಕೈಗೆ ಗೊತ್ತಾಗ್ತೈತೆ. ನಡೀರಿ ಅಂಗಡಿಗೆ.”

ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ: ಅಲ್ಲಿಯವರೆಗೆ ನಾನು ಅಂಗಡಿಯ ಗಾಜಿನ ಈಚೆ ನಿಂತು ವಿವರ ಬರೆದುಕೊಂಡಿದ್ದೆನೇ ಹೊರತು ಒಂದೇ ಒಂದು ಕ್ಯಾಮೆರಾವನ್ನೂ ಮುಟ್ಟಿರಲಿಲ್ಲ. ಭಾವ ಐದಾರನ್ನು ಹೊರಗಿಡಿಸಿದರು. ನನ್ನ ಎಡಗೈಯನ್ನು ಅಂಗಡಿಯ ಕಂಬಕ್ಕೆ ಹಿಡಿಸಿದರು.

“ಇದು ಬೆಟ್ಟದ ಬಂಡೆ ಅನ್ಕಳ್ರಿ. ಕಣ್ಮುಚ್ಚಿ. ಇನ್ನೊಂದು ಕೈಲಿ ಜೇಬಿನಿಂದ ತೆಗೀರಿ ನೋಡೋಣ.”

ನನ್ನ ಅಂಕಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ಕ್ಯಾಮೆರಾ ಜೇಬಿನ ಅಂಚಿಗೆ ಸಿಕ್ಕಿಕೊಂಡಿತು. ಎರಡನೆಯದರ ಮಸೂರವನ್ನು ನನ್ನ ಬೆರಳೇ ಮುಚ್ಚಿತು. ಒಂಬತ್ತನೆಯ ಸ್ಥಾನದ್ದು ಮಾತ್ರ ಸಲೀಸಾಗಿ ಬಂದು ಅಂಗೈಯಲ್ಲಿ ಕುಳಿತಿತು.

“ಇದಕ್ಕೆ ಬೆನ್ನೈತೆ!” ಎಂದರು ಭಾವ.

“ಕಣ್ಮುಚ್ಕೊಂಡು ಕ್ಯಾಮೆರಾ ತಗೊಳ್ಳೋರನ್ನ ಇವತ್ತೇ ನೋಡಿದ್ದು ಸಾರ್,” ಎಂದ ಅಂಗಡಿಯವನು.

ಮುಂದಿನ ಭಾನುವಾರವೇ ಬೆಟ್ಟ ಹತ್ತಿದೆ. ಮೂವತ್ತಾರು ಚಿತ್ರಗಳ ರೀಲಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಅಕ್ಕನ ಮನೆಯವೇ. ವಾರದ ನಂತರ ಆ ಚಿತ್ರಗಳನ್ನು ಅವಳ ಮಡಿಲಿಗೆ ಹಾಕಿದೆ. ಅವಳು ಒಂದನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದಳು.

“ಮನೆ ಕಾಣುತ್ತೇನಕ್ಕ?”

“ಮನೆ ಬಿಡೋ, ಅದು ಯಾವಾಗ್ಲೂ ಕಾಣ್ತಿತ್ತು. ಅಂಗಳದಾಗೆ ಕೆಂಪಗೆ ಚುಕ್ಕಿ ಐತಲ್ಲ, ನೋಡು. ನಾನು ಕಣೋ! ನೀನು ಹತ್ತಾ ಹೊತ್ತಿಗೆ ಕೆಂಪು ಸೀರೆ ಉಟ್ಕಂಡು ಬಂದು ನಿಂತಿದ್ದೆ. ಅಷ್ಟು ಸಲ ಹತ್ತಿದ್ರೂ ನಾನು ನನಗೆ ಕಂಡಿದ್ದಿಲ್ಲ ನೋಡು.”

ಈಗಲೂ ನಾನು ಪಟ್ಟಿ ಮಾಡುವವನೇ. ಆದರೆ ಮೊದಲು ಮುಟ್ಟಿ ನೋಡಿ, ಆಮೇಲೆ ಬರೆಯುತ್ತೇನೆ. ಮೊನ್ನೆ ಫೋನಿನಲ್ಲಿ ಅಕ್ಕ, ಎದುರಿನ ಗುಡ್ಡದಿಂದ ತನ್ನ ಹಿತ್ತಲು ಹೇಗೆ ಕಾಣುವುದೋ ಎಂದಳು. ನಾಡಿದ್ದು ಹೊರಡುತ್ತಿದ್ದೇನೆ. ಅವಳು ತನ್ನನ್ನು ಮೊದಲ ಬಾರಿಗೆ ಬೆಟ್ಟದ ಮೇಲಿನಿಂದ ಕಂಡದ್ದು ೨೦೦೩ನೆಯ ಇಸವಿಯ ಫೆಬ್ರವರಿ ೧೬, ಭಾನುವಾರ.