ಸೀರಿಯಸ್ ಅಂತ ಬಂದ ತಂತಿ

ಗೆಳೆಯರೇ, ಇವತ್ತು ವಡೋದರದ ಅಲ್ಕಾಪುರಿಯಲ್ಲಿ ಸುಮಿತ್ರಾಬಾಯಿಯವರಿಗೆ ನನ್ನ ಪುಸ್ತಕದ ಒಂದು ಅಧ್ಯಾಯ ಓದಿ ಹೇಳಿದೆ. ಅರವತ್ತರ ದಶಕದಲ್ಲಿ ಈ ಊರಿಗೆ ವರ್ಗವಾಗಿ ಬಂದು, ಜ್ವರದಲ್ಲಿ ತೀರಿಕೊಂಡ ಅವರ ಗಂಡನ ನಿಜಕಥೆ. 'ಸೀರಿಯಸ್, ಕೂಡಲೇ ಹೊರಡಿ' ಎಂದು ಅಜ್ಜಿಗೆ ಬಂದಿದ್ದ ತಂತಿಯನ್ನೇ ದಾಖಲೆಯೆಂದು ನಂಬಿ ನಾನು, ಧಾರವಾಡದಿಂದ ಹೊರಟ ಹೆಂಡತಿಗಾಗಿ ಅವರು ಆಸ್ಪತ್ರೆಯಲ್ಲಿ ಜೀವ ಹಿಡಿದುಕೊಂಡು ಕಾದರು ಅಂತ ಬರೆದಿದ್ದೆ.

ಕೇಳಿ ಮುಗಿದ ಮೇಲೆ ಅಜ್ಜಿ ಅಂದರು: "ತಮ್ಮಾ, ಆಗ ಜೀವ ಹೋದ ಮ್ಯಾಲೆನೂ ಸೀರಿಯಸ್ ಅಂತನ ತಂತಿ ಕೊಡ್ತಿದ್ರು. ದಾರಿಯೊಳಗ ಎದಿ ಒಡೀಬಾರದಂತ."

ತಿದ್ದುತ್ತೇನೆ ಅಂದೆ.

"ಬ್ಯಾಡ ಬಿಡು. ರೈಲಿನ್ಯಾಗ ನಾನೂ ಹಂಗ ತಿಳಕೊಂಡು ಬಂದಿದ್ದೆ."

'ದಾಖಲೆ ಸುಳ್ಳು ಹೇಳುವುದಿಲ್ಲ' ಅಂತ ಹೋದ ವಾರ ಇಲ್ಲೇ ಭಾಷಣ ಬಿಗಿದಿದ್ದೆನಲ್ಲ, ಅದಕ್ಕೆ ಕೊಟ್ಟ ಲೈಕುಗಳನ್ನು ವಾಪಸ್ ತಗೊಳ್ಳಿ.